ಉಪಗ್ರಹ ಚಿತ್ರ ನೋಡಿ ಹಳೇ ಕೋಟೆ, ಬಸದಿ ಕಾಯುವುದು ಹೇಗೆ? ಉತ್ತರ ಕನ್ನಡಕ್ಕೆ ಒಗ್ಗುವ ಸಮಗ್ರ ಮಾರ್ಗದರ್ಶಿ

"ಇಲ್ಲೊಂದು ಕೋಟೆ ಸಿಕ್ಕಿದೆ, ನೋಡಿ" ಎಂದು ಉಪಗ್ರಹ ಚಿತ್ರ ಕಳಿಸುವವರು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದ್ದಾರೆ. ಬಹಳ ಸಲ ಅದು ಕೋಟೆ ಆಗಿರುವುದಿಲ್ಲ. ಕುಮಟಾ ಕಡೆಯದಾದರೆ ಚಿರೆಕಲ್ಲಿನ ಕ್ವಾರಿ. ಅಘನಾಶಿನಿ ದಂಡೆಯದಾದರೆ ಗಜನಿಯ (ಉಪ್ಪುನೀರು ಬರುವ ಗದ್ದೆಯ) ಕಟ್ಟೆ, ಇಲ್ಲವೇ ಸೀಗಡಿ ಕೆರೆ. ಶಿರಸಿ ಕಡೆಯದಾದರೆ ಬೆಟ್ಟದ ಗಡಿಗೆ ತೋಡಿದ ಅಗಳ, ಅಂದರೆ ಉದ್ದನೆಯ ತಗ್ಗು. ಕಳಿಸಿದವರ ಶ್ರದ್ಧೆಗೆ ಕೊರತೆ ಇಲ್ಲ. ಕೆಲಸದ ಕ್ರಮ ತಪ್ಪಿದೆ, ಅಷ್ಟೆ. ಗೊತ್ತಿರುವ ಜಾಗ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಕಲಿಯುವ ಮೊದಲೇ ಹೊಸದನ್ನು ಹುಡುಕಲು ಹೊರಟಿರುತ್ತಾರೆ.

ಇದರಿಂದ ಇನ್ನೊಂದು ನಷ್ಟವೂ ಇದೆ. ಎಲ್ಲರೂ ಹೊಸ ಕೋಟೆ ಹುಡುಕುತ್ತ ಕೂತರೆ, ಗೊತ್ತಿರುವ ಕೋಟೆಯ ಪಕ್ಕ ಜೆಸಿಬಿ ಬಂದು ನಿಂತಾಗ ನೋಡುವವರು ಇರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಕ್ರಮ ಹೀಗಿದೆ: ಮೊದಲು ಒಂದು ಗೊತ್ತಿರುವ ಜಾಗ ಕಲಿಯುವುದು, ಆಮೇಲೆ ಅದನ್ನು ಕಾಯುವುದು. ಹೊಸದು ಹುಡುಕುವುದು ಅದರ ನಂತರದ ಮಾತು.

## ಬೇಕಾದ ಸಲಕರಣೆ

ಮೊಬೈಲ್‌ನಲ್ಲಿ ಈ ಕೆಲಸ ಆಗುವುದಿಲ್ಲ. ಸಾಧಾರಣ ಲ್ಯಾಪ್‌ಟಾಪ್ ಸಾಕು, ಜೊತೆಗೊಂದು ಮೌಸ್ ಇರಲಿ. ಅದರಲ್ಲಿ ಗೂಗಲ್ ಅರ್ಥ್ ಪ್ರೊ ಮತ್ತು ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಹಾಕಿಕೊಳ್ಳಿ. ಉಪಗ್ರಹ ಚಿತ್ರ ಸಿಗುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಒಂದು ಖಾತೆ ತೆರೆಯಿರಿ. ಮೂರೂ ಪುಕ್ಕಟೆ. ಮೊಬೈಲ್‌ಗೆ ಬೇಕಾದದ್ದು ಒಂದೇ, ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೊಪೊಶೀಟ್ (ಗುಡ್ಡ, ಹೊಳೆ, ಊರು ತೋರಿಸುವ ನಕ್ಷೆ) ಕೂಡ ಅವರ ಜಾಲತಾಣದಲ್ಲೇ ಸಿಗುತ್ತದೆ, ಇಳಿಸಿಕೊಳ್ಳಿ. ಕಡೆಯದಾಗಿ ಒಂದು ನೋಟ್‌ಬುಕ್. ಇದನ್ನು ಬಿಟ್ಟವರೇ ಆಮೇಲೆ ಒದ್ದಾಡುತ್ತಾರೆ.

ಎರಡು ಬಗೆಯ ಚಿತ್ರಗಳ ವ್ಯತ್ಯಾಸ ಈಗಲೇ ತಿಳಿದಿರಲಿ. ಗೂಗಲ್ ಅರ್ಥ್‌ನ ಒಳ್ಳೆಯ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಸುಮಾರು ಅರ್ಧ ಮೀಟರ್. ಮರದ ನೆರಳು, ಗೋಡೆಯ ತಲೆ, ನಿಂತ ಲಾರಿ ಎಲ್ಲ ಕಾಣುತ್ತದೆ. ಆದರೆ ಹೊಸ ಚಿತ್ರ ಯಾವಾಗ ಬರುತ್ತದೆ ಎಂದು ಹೇಳಲಾಗದು. ಕೋಪರ್ನಿಕಸ್‌ನಲ್ಲಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರ ಸುಮಾರು 5 ದಿನಕ್ಕೊಮ್ಮೆ ಬರುತ್ತದೆ, ಆದರೆ ಒಂದು ಚುಕ್ಕಿ 10 ಮೀಟರ್. ಒಬ್ಬ ಕಣ್ಣು ಚುರುಕಾಗಿದ್ದು ಅಪರೂಪಕ್ಕೆ ಬರುವ ನೆಂಟ. ಇನ್ನೊಬ್ಬ ಕಣ್ಣು ಮಂಜಾದರೂ ವಾರ ವಾರ ಬಂದು ಹೋಗುವ ನೆರೆಮನೆಯವ. ಇಬ್ಬರೂ ಬೇಕು.

10 ಮೀಟರ್ ಎಂದರೆ ಏನು ಎಂದು ಒಮ್ಮೆ ಲೆಕ್ಕ ಹಾಕಿ. 20 ಮೀಟರ್ ಉದ್ದ, 20 ಮೀಟರ್ ಅಗಲದ ಬಸದಿ ಅದರಲ್ಲಿ ಬರೇ ನಾಲ್ಕು ಚುಕ್ಕಿ. ವೀರಗಲ್ಲು ಕಾಣುವ ಮಾತೇ ಇಲ್ಲ.

ಡ್ರೋನ್ ಯಾಕೆ ಬೇಡ ಎಂದು ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕಾರವಾರದ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ. ಅವುಗಳ ಆಸುಪಾಸಿನಲ್ಲಿ ಅನುಮತಿ ಇಲ್ಲದೆ ಡ್ರೋನ್ ಹಾರಿಸಿದರೆ ಕೇಸು ಬೀಳುತ್ತದೆ. ಬೇರೆ ಕಡೆಯೂ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಕೆಂಪು (ಅನುಮತಿ ಇಲ್ಲದೆ ಹಾರಿಸಬಾರದ) ವಲಯದಲ್ಲಿದೆಯೇ ಎಂದು ನೋಡಬೇಕು. ಕಲಿಯುವವರಿಗೆ ಉಪಗ್ರಹ ಚಿತ್ರವೇ ಸುರಕ್ಷಿತ.

## 1. ಗೊತ್ತಿರುವ ಒಂದು ಜಾಗ ಆರಿಸಿ

ಮಿರ್ಜಾನ್ ಕೋಟೆಯಿಂದ ಶುರು ಮಾಡಿ. ಕಾರಣ ಇದೆ. ಕುಮಟಾ ತಾಲೂಕಿನ ಈ ಕೋಟೆ ಹೆದ್ದಾರಿಗೆ ಹತ್ತಿರ, ಬಯಲಿನಲ್ಲಿದೆ, ಸುತ್ತ ಕಂದಕ ಇದೆ, ಒಳಗೆ ಮರಗಳ ಮುಚ್ಚಿಗೆ ಕಡಿಮೆ. ಚಿತ್ರದಲ್ಲಿ ಕಂಡದ್ದನ್ನು ಒಂದು ಭಾನುವಾರ ಹೋಗಿ ಕಾಲಿನಿಂದ ಅಳೆದು ಬರಬಹುದು.

ಗೂಗಲ್ ಅರ್ಥ್‌ನಲ್ಲಿ ಕೋಟೆ ತುಂಬುವಷ್ಟು ಹತ್ತಿರ ಹೋಗಿ. ರೂಲರ್ ತೆಗೆದುಕೊಂಡು ಗೋಡೆಯ ದಪ್ಪ, ಬುರುಜಿನ ಅಗಲ, ಕಂದಕದ ಅಗಲ, ಬಾಗಿಲಿನ ಜಾಗ ಅಳೆದು ನೋಟ್‌ಬುಕ್‌ನಲ್ಲಿ ಬರೆಯಿರಿ. ಆಮೇಲೆ ಕೋಟೆಗೆ ಹೋಗಿ ಅದೇ ಅಳತೆ ಟೇಪಿನಿಂದ ತೆಗೆಯಿರಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ, ಮುಂದೆ ನೀವು ಪರದೆಯ ಮೇಲೆ ಅಳೆಯುವ ಪ್ರತಿಯೊಂದರಲ್ಲೂ ಹೆಚ್ಚುಕಡಿಮೆ ಅಷ್ಟು ತಪ್ಪು ಇದ್ದೇ ಇರುತ್ತದೆ.

ಇದೇ ರೀತಿ ಇನ್ನೆರಡು ಜಾಗ ಮಾಡಿ, ಆದರೆ ಬೇರೆ ಬೇರೆ ನಮೂನೆಯದಾಗಿರಲಿ. ಸಮುದ್ರದಲ್ಲಿ ಬೇಕಾದರೆ ಹೊನ್ನಾವರದ ಎದುರಿನ ಬಸವರಾಜದುರ್ಗ ದ್ವೀಪದ ಕೋಟೆ. ಬಯಲು ಗದ್ದೆಯಲ್ಲಿ ಬೇಕಾದರೆ ವರದಾ ನದಿ ಬಳಸಿಕೊಂಡು ಹರಿಯುವ ಬನವಾಸಿ. ಕಾಡಿನಲ್ಲಿ ಬೇಕಾದರೆ ಗೇರುಸೊಪ್ಪೆಯ ನಗರಬಸ್ತಿಕೇರಿ. ಅಲ್ಲಿನ ಚತುರ್ಮುಖ ಬಸದಿ ಇರುವ ಜಾಗ ಗೊತ್ತಿದ್ದೂ ಚಿತ್ರದಲ್ಲಿ ಹುಡುಕಲು ಎಷ್ಟು ಹೊತ್ತು ಬೇಕಾಯಿತು ಎಂದು ಗಡಿಯಾರ ನೋಡಿಕೊಳ್ಳಿ. ಕಾಡು ಎಷ್ಟು ಮುಚ್ಚಿಡುತ್ತದೆ ಎಂಬುದು ಆಗ ತಿಳಿಯುತ್ತದೆ. ನಿತ್ಯಹಸಿರು ಕಾಡಿನ ಎಲೆ ಮುಚ್ಚಿಗೆಯ ಕೆಳಗೆ ಸಾದಾ ಉಪಗ್ರಹ ಚಿತ್ರ ಏನನ್ನೂ ತೋರಿಸುವುದಿಲ್ಲ. ಮರಗಳ ನಡುವಿನಿಂದ ನೆಲ ಅಳೆಯುವ ಲಿಡಾರ್ ಬೇರೆ ತಂತ್ರ. ಅದನ್ನು ಹೆಚ್ಚಾಗಿ ವಿಮಾನ ಅಥವಾ ಡ್ರೋನ್‌ಗೆ ಕಟ್ಟಿ ಮಾಡುತ್ತಾರೆ. "ಚಿತ್ರದಲ್ಲಿ ಏನೂ ಕಾಣಲಿಲ್ಲ, ಹಾಗಾಗಿ ಅಲ್ಲಿ ಏನೂ ಇಲ್ಲ" ಎಂದು ಘಟ್ಟದ ಕಾಡಿನ ಬಗ್ಗೆ ಯಾವತ್ತೂ ಬರೆಯಬೇಡಿ.

## 2. ತಿಂಗಳು ನೋಡಿ ಚಿತ್ರ ಆರಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಮೇಲೆ ಮೋಡವೇ ಮೋಡ. ಆ ಸಮಯದಲ್ಲಿ ಶುದ್ಧ ಚಿತ್ರ ಸಿಕ್ಕರೆ ಅದೃಷ್ಟ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ತಿಳಿಯಾಗಿರುತ್ತದೆ.

ಆದರೆ ತಿಳಿ ಆಕಾಶ ಒಂದೇ ಸಾಲದು. ನೀವು ಹುಡುಕುವುದು ಏನು ಎಂಬುದರ ಮೇಲೆ ತಿಂಗಳು ಬದಲಾಗುತ್ತದೆ. ದಿಬ್ಬ, ಕಂದಕ, ಮಣ್ಣಿನ ಗೋಡೆ ಬೇಕಾದರೆ ನೆರಳು ಬೇಕು, ನೆರಳು ಉದ್ದ ಇರುವುದು ಡಿಸೆಂಬರ್, ಜನವರಿಯಲ್ಲಿ. ಏಪ್ರಿಲ್ ಕೊನೆಗೆ ನಮ್ಮ ಊರಿನ ಮೇಲೆ ಸೂರ್ಯ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಾನೆ, ಆಗಿನ ಚಿತ್ರ ಚಪ್ಪಟೆ. ಮುಂಡಗೋಡ, ಹಳಿಯಾಳದ ಎಲೆ ಉದುರುವ ಕಾಡಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು, ನೆಲ ಇಣುಕುತ್ತದೆ. ಗದ್ದೆಯಾದರೆ ಕೊಯ್ಲು ಮುಗಿದ ಮೊದಲ ಕೆಲವು ವಾರ. ಮಣ್ಣಿನ ಕೆಳಗೆ ಹೂತ ಗೋಡೆ ಇದ್ದಲ್ಲಿ ನೆಲ ಬೇಗ ಒಣಗುತ್ತದೆ, ಮುಚ್ಚಿದ ಕಂದಕ ಇದ್ದಲ್ಲಿ ಹಸಿ ಉಳಿಯುತ್ತದೆ. ಆ ವ್ಯತ್ಯಾಸ ಸ್ವಲ್ಪ ದಿನ ಮಾತ್ರ ಇರುತ್ತದೆ.

ಹಿನ್ನೀರಿನ ಜಾಗಕ್ಕೆ ಏಪ್ರಿಲ್, ಮೇ. ಸೂಪಾ ಅಣೆಕಟ್ಟೆಯಲ್ಲಿ ಹಳೇ ಸೂಪಾ ಊರೇ ಮುಳುಗಿದೆ. ನೀರು ಇಳಿದ ವರ್ಷಗಳ ಬೇಸಿಗೆ ಚಿತ್ರಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

## 3. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳಿಗೆ ಹೋಗಿ

ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಗುರುತು ಒತ್ತಿದರೆ ಹಳೆಯ ಚಿತ್ರಗಳ ಸಾಲು ತೆರೆಯುತ್ತದೆ. ಅದಕ್ಕೂ ಮೊದಲು ಎರಡು ಕೆಲಸ ಮಾಡಿ. ಟೂಲ್ಸ್, ಆಪ್ಶನ್ಸ್ ಒಳಗೆ ಹೋಗಿ ಅಕ್ಷಾಂಶ–ರೇಖಾಂಶ ದಶಮಾಂಶದಲ್ಲಿ ತೋರುವಂತೆ ಇಟ್ಟುಕೊಳ್ಳಿ. ಆಮೇಲೆ ಕೀಬೋರ್ಡ್‌ನಲ್ಲಿ 'ಆರ್' ಒತ್ತಿ. ಚಿತ್ರ ನೇರ ಮೇಲಿನಿಂದ ನೋಡಿದ ಹಾಗೆ, ಉತ್ತರ ಮೇಲೆ ಬರುವ ಹಾಗೆ ನಿಲ್ಲುತ್ತದೆ. ಓರೆ ನೋಟದಲ್ಲಿ ತೆಗೆದ ಅಳತೆ ಕೆಲಸಕ್ಕೆ ಬಾರದು.

ಒಂದೊಂದೇ ವರ್ಷ ಸರಿಸುತ್ತ ಪ್ರತಿ ಚಿತ್ರದ ತಾರೀಕು ಬರೆದುಕೊಳ್ಳಿ. ತಾರೀಕು ನೋಡುವಾಗ ಚಿತ್ರ ಹತ್ತಿರಕ್ಕೆ ತಂದಿರಬೇಕು. ದೂರದಿಂದ ನೋಡುವಾಗ ಪರದೆಯ ಮೇಲೆ ಬೇರೆ ಬೇರೆ ದಿನದ ತುಂಡುಗಳು ಕೂಡಿರುತ್ತವೆ, ಒಂದರ ತಾರೀಕನ್ನು ಇನ್ನೊಂದಕ್ಕೆ ಬರೆದುಬಿಡುತ್ತೇವೆ. ಗುಡ್ಡದ ಮೇಲಾದರೆ ಇನ್ನೊಂದು ತೊಡಕು: ಒಂದು ವರ್ಷದ ಚಿತ್ರಕ್ಕೂ ಇನ್ನೊಂದಕ್ಕೂ ಜಾಗ ಕೆಲವು ಮೀಟರ್ ಸರಿದಿರುತ್ತದೆ. ಸದಾಶಿವಗಡದಂಥ ಗುಡ್ಡದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಎಂದೂ ಬದಲಾಗದ ಒಂದು ಮೂಲೆ, ದೇವಸ್ಥಾನದ ಕಟ್ಟೆಯೋ ಬಾವಿಯೋ, ಹಿಡಿದುಕೊಂಡು ಪ್ರತಿ ವರ್ಷ ಎಷ್ಟು ಸರಿದಿದೆ ಎಂದು ಗುರುತು ಮಾಡಿ. ಇಲ್ಲದಿದ್ದರೆ "ಗೋಡೆ ಐದು ಮೀಟರ್ ಒತ್ತುವರಿ ಆಗಿದೆ" ಎಂದು ಸುಳ್ಳು ದೂರು ಕೊಟ್ಟಂತಾಗುತ್ತದೆ.

ಗುಂಡಿ ದಿಬ್ಬವಾಗಿ ಕಾಣುವ ಭ್ರಮೆ. ಇದರಲ್ಲಿ ಎಡವದವರನ್ನು ನಾನು ನೋಡಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಪಗ್ರಹ ಹಾದುಹೋಗುವುದು ಹೆಚ್ಚಾಗಿ ಬೆಳಗ್ಗೆ ಹತ್ತೂವರೆಯ ಆಸುಪಾಸು. ಚಳಿಗಾಲದಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ಅಂದರೆ ಪರದೆಯಲ್ಲಿ ಬೆಳಕು ಕೆಳಗಿನಿಂದ ಬಂದಂತೆ. ನಮ್ಮ ಕಣ್ಣಿಗೋ ಬೆಳಕು ಮೇಲಿನಿಂದ ಬಂದೇ ಅಭ್ಯಾಸ. ಹಾಗಾಗಿ ಕಂದಕ ಏರಿಯ ಹಾಗೆ, ದಿಬ್ಬ ಗುಂಡಿಯ ಹಾಗೆ ಕಾಣುತ್ತದೆ. ಉಪಾಯ ಸುಲಭ: ಚಿತ್ರವನ್ನು ದಕ್ಷಿಣ ಮೇಲೆ ಬರುವಂತೆ ಪೂರ್ತಿ ತಿರುಗಿಸಿ. ಪಕ್ಕದಲ್ಲಿರುವ ಒಂದು ತೆಂಗಿನಮರವನ್ನೋ ಮನೆಯನ್ನೋ ನೋಡಿ, ಅದರ ನೆರಳು ಯಾವ ಕಡೆ ಬಿದ್ದಿದೆ ಎಂದು ತಿಳಿದುಕೊಳ್ಳಿ. ನಿಮ್ಮ ಆಕೃತಿಯ ಒಳಗಿನ ಕಪ್ಪು ಅದೇ ಕಡೆಯಿದ್ದರೆ ಅದು ಎತ್ತರದ್ದು, ಎದುರು ಕಡೆಯಿದ್ದರೆ ತಗ್ಗು. ಮಿರ್ಜಾನ್ ಕಂದಕದ ಮೇಲೆ ಹತ್ತು ಸಲ ಇದನ್ನು ಮಾಡಿದರೆ ಕಣ್ಣು ಪಳಗುತ್ತದೆ.

ಇನ್ನೂ ಹಳೆಯದು ಬೇಕಾದರೆ ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳ ಚಿತ್ರ ಇದೆ. 1960ರಿಂದ 1972ರವರೆಗೆ ತೆಗೆದ ಇವನ್ನು 1995ರಲ್ಲಿ ಎಲ್ಲರಿಗೂ ತೆರೆದರು. ಅಲ್ಲಿನ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ನಿಮ್ಮ ಜಾಗ ಗುರುತು ಹಾಕಿ ಹುಡುಕಿ. ಸ್ಕ್ಯಾನ್ ಆಗಿರುವುದು ಪುಕ್ಕಟೆ, ಆಗಿಲ್ಲದ್ದಕ್ಕೆ ಹಣ ಕಟ್ಟಬೇಕು. ಒಳ್ಳೆಯವುಗಳ ಸೂಕ್ಷ್ಮತೆ ಸುಮಾರು 2 ಮೀಟರ್. ಕಾಳಿ ಕಣಿವೆಯಲ್ಲಿ ಅಣೆಕಟ್ಟು ಬರುವ ಮೊದಲಿನ ನೆಲ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

## 4. ಸೆಂಟಿನೆಲ್ ಚಿತ್ರ ತೆರೆಯುವುದು

ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2, ಎಲ್2ಎ ಆರಿಸಿ. ಎಲ್1ಸಿ ಎಂಬುದೂ ಇದೆ, ಅದರಲ್ಲಿ ಗಾಳಿಯ ಮಬ್ಬು ತೆಗೆದಿರುವುದಿಲ್ಲ. ಒಂದು ದಿನದ್ದು ಎಲ್2ಎ, ಇನ್ನೊಂದು ದಿನದ್ದು ಎಲ್1ಸಿ ಹಿಡಿದು ಹೋಲಿಸಿದರೆ ನೆಲ ಬದಲಾಗದಿದ್ದರೂ ಬಣ್ಣ ಬದಲಾಗಿ ಕಾಣುತ್ತದೆ.

ಮೋಡದ ಮಿತಿ ಹಾಕುವ ಜಾಗದಲ್ಲಿ ಹೊಸಬರು 10 ಶೇಕಡಾ ಹಾಕಿ "ಚಿತ್ರವೇ ಇಲ್ಲ" ಎನ್ನುತ್ತಾರೆ. ಆ ಶೇಕಡಾ ನಿಮ್ಮ ಕೋಟೆಯ ಮೇಲಿನ ಮೋಡದ್ದಲ್ಲ. ಸುಮಾರು 110 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಇಡೀ ತುಂಡಿನದ್ದು. ಸಮುದ್ರದ ಮೇಲೆ ಮೋಡ ತುಂಬಿದ್ದು ಬನವಾಸಿ ಬಿಸಿಲಲ್ಲಿ ಹೊಳೆಯುತ್ತಿರಬಹುದು. ಮಿತಿಯನ್ನು 70ಕ್ಕೆ ಏರಿಸಿ, ಒಂದೊಂದೇ ತೆರೆದು ನಿಮ್ಮ ಜಾಗ ಮಾತ್ರ ನೋಡಿ. ನವೆಂಬರ್ ಮೊದಲ ವಾರದ ಎಷ್ಟೋ ಒಳ್ಳೆಯ ಚಿತ್ರ ನನಗೆ ಸಿಕ್ಕಿದ್ದು ಹೀಗೆ.

ಬಣ್ಣದ ಜೋಡಣೆಯಲ್ಲಿ ಮೂರು ಸಾಕು. ಮೊದಲು ಸಹಜ ಬಣ್ಣ. ಎರಡನೆಯದು ಫಾಲ್ಸ್ ಕಲರ್: ಗಿಡಮರ ಕೆಂಪಾಗಿ, ಬರಿ ನೆಲ ನೀಲಿ–ಬೂದಾಗಿ ಕಾಣುತ್ತದೆ. ಮರ ಕಡಿದ ಜಾಗ ಇದರಲ್ಲಿ ಅಡಗಲಾರದು. ಮೂರನೆಯದು ಎನ್‌ಡಿವಿಐ, ಹಸಿರಿನ ಅಳತೆ. ಅತಿಗೆಂಪು ಪಟ್ಟಿ ಬಿ-8ರಿಂದ ಕೆಂಪು ಪಟ್ಟಿ ಬಿ-4 ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ. ದಟ್ಟ ಹಸಿರಿಗೆ 1ರ ಹತ್ತಿರ, ಬರಿ ಮಣ್ಣಿಗೆ ಸೊನ್ನೆಯ ಹತ್ತಿರ.

ಎನ್‌ಡಿವಿಐ ಹೂತ ಗೋಡೆ ತೋರಿಸುತ್ತದೆ ಎಂದು ಓದಿಕೊಂಡು ಬರುವವರಿದ್ದಾರೆ. ಎರಡು ಮೀಟರ್ ದಪ್ಪದ ಗೋಡೆಯನ್ನು 10 ಮೀಟರ್ ಚುಕ್ಕಿ ತೋರಿಸುವುದಿಲ್ಲ. ಇಪ್ಪತ್ತು ಮೀಟರ್‌ಗಿಂತ ಅಗಲದ ಮುಚ್ಚಿದ ಕಂದಕ, ಹಳೇ ಕೆರೆ, ಹಳೇ ಹೊಳೆ ಹರಿವು ಕಾಣಬಹುದು. ಅಡಿಕೆ ತೋಟದಲ್ಲಂತೂ ವರ್ಷವಿಡೀ ಒಂದೇ ಹಸಿರು, ಅಲ್ಲಿ ಈ ಉಪಾಯ ಬಿಟ್ಟುಬಿಡಿ.

## 5. ಕೋಟೆಯಂತೆ ಕಾಣುವ, ಕೋಟೆಯಲ್ಲದ ಜಾಗಗಳು

ಈ ಹಂತ ದಾಟದೆ ಯಾರಿಗೂ ಚಿತ್ರ ಕಳಿಸಬೇಡಿ.

ಚಿರೆಕಲ್ಲಿನ ಕ್ವಾರಿ. ಚೌಕಾಕಾರ, ನೇರ ಅಂಚು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದಿ. ನೋಡಿದರೆ ಕೋಟೆಯ ಅಡಿಪಾಯವೇ ಅನ್ನಿಸುತ್ತದೆ. ಮೂರು ಪರೀಕ್ಷೆ ಮಾಡಿ. ಒಂದು, ಲಾರಿ ಹೋಗುವಷ್ಟು ಅಗಲದ ಕೆಂಪು ದಾರಿ ಅದರ ಅಂಚಿನವರೆಗೆ ಬರುತ್ತದೆಯೇ? ಎರಡು, ಹಿಂದಿನ ವರ್ಷಗಳ ಚಿತ್ರದಲ್ಲಿ ಅದು ಚಿಕ್ಕದಿತ್ತೇ? ಕ್ವಾರಿ ವರ್ಷ ವರ್ಷ ಬೆಳೆಯುತ್ತದೆ, ಕೋಟೆ ಬೆಳೆಯುವುದಿಲ್ಲ. ಮೂರು, ಬಣ್ಣ. ಹೊಸದಾಗಿ ಕಡಿದ ಚಿರೆಕಲ್ಲು ಕಿತ್ತಳೆ ಕೆಂಪು. ಮಳೆ ತಿಂದ ಹಳೇ ಚಿರೆಕಲ್ಲು ಕಪ್ಪಾಗುತ್ತದೆ, ಪಾಚಿ ಹಿಡಿಯುತ್ತದೆ. ಮಿರ್ಜಾನ್ ಗೋಡೆಯ ತಲೆಯ ಬಣ್ಣ ಮನಸ್ಸಿನಲ್ಲಿಟ್ಟುಕೊಂಡರೆ ಈ ವ್ಯತ್ಯಾಸ ಮರೆಯುವುದಿಲ್ಲ. ಆದರೆ ಐವತ್ತು ವರ್ಷದ ಹಿಂದೆ ಕೈಯಲ್ಲಿ ಕಡಿದು ಬಿಟ್ಟ ಗುಂಡಿಗಳೂ ಕಪ್ಪಾಗಿಯೇ ಇರುತ್ತವೆ. ಕುಮಟಾ ಹತ್ತಿರ ಅಂಥದ್ದೊಂದನ್ನು ನೋಡಲು ಹೋದಾಗ ಪಕ್ಕದ ಮನೆಯ ಅಜ್ಜಿ ಅಂಗಳದಿಂದಲೇ ಹೇಳಿದ್ದು ಇಷ್ಟು: "ತಮಾ, ಅದು ನಮ್ಮ ಅಪ್ಪ ಮನೆ ಕಟ್ಟಲಿಕ್ಕೆ ಕಲ್ಲು ಕಡಿದ ಜಾಗ." ಆ ಒಂದು ಮಾತಿನಿಂದ ಮೂರು ವಾರದ ಅನುಮಾನ ಬಗೆಹರಿಯಿತು.

ಗಜನಿ ಕಟ್ಟೆ, ಸೀಗಡಿ ಕೆರೆ, ಉಪ್ಪಿನ ಆಗರ. ಹೊಳೆ ಸಮುದ್ರ ಸೇರುವ ಕಡೆ ಕಾಣುವ ಉದ್ದ ಏರಿ ಹೆಚ್ಚಾಗಿ ಉಪ್ಪುನೀರು ತಡೆಯುವ ಕಟ್ಟೆ. ಮಳೆಗಾಲ ಮುಗಿಯುವ ಹೊತ್ತಿನ ಮತ್ತು ಬೇಸಿಗೆಯ ಎರಡು ಚಿತ್ರ ಪಕ್ಕಪಕ್ಕ ಇಡಿ. ಒಳಗೆ ಒಮ್ಮೆ ಕಗ್ಗ ಭತ್ತದ ಹಸಿರು, ಇನ್ನೊಮ್ಮೆ ನೀರು ಕಂಡರೆ ಅದು ಗಜನಿ. ಸಾಣಿಕಟ್ಟಾದ ಉಪ್ಪಿನ ಆಗರ ಬೇಸಿಗೆಯಲ್ಲಿ ಬಿಳಿ ಚೌಕಗಳ ಹಾಸು, ಮಳೆಯಲ್ಲಿ ಬರಿ ನೀರು.

ಬೆಟ್ಟದ ಅಗಳ. ಶಿರಸಿ, ಸಿದ್ದಾಪುರದಲ್ಲಿ ಸೊಪ್ಪಿನ ಬೆಟ್ಟದ ಸುತ್ತ, ಅಕೇಸಿಯಾ ನೆಡುತೋಪಿನ ಸುತ್ತ ತೋಡಿದ ಅಗಳ ಮೇಲಿನಿಂದ ಅಚ್ಚುಕಟ್ಟು ಕಂದಕದಂತೆ ಕಾಣುತ್ತದೆ. ಅದರ ಉದ್ದಕ್ಕೂ ಐದಾರು ಬಿಂದುಗಳ ಅಕ್ಷಾಂಶ ತೆಗೆದು ದಿಶಾಂಕ್‌ನಲ್ಲಿ ನೋಡಿ. ಗೆರೆ ಸರ್ವೆ ನಂಬರಿನ ಗಡಿಯ ಮೇಲೆಯೇ ಕೂತರೆ ಅದು ಬಹುಪಾಲು ಗಡಿ ಅಗಳ. ಬಹುಪಾಲು ಎಂದೆ, ಯಾಕೆಂದರೆ ಕೆಲವು ಕಡೆ ಸರ್ವೆ ಮಾಡಿದವರೇ ಕಣ್ಣಿಗೆ ಕಂಡ ಹಳೇ ಗೋಡೆಯನ್ನು ಗಡಿ ಎಂದು ಹಿಡಿದಿರಬಹುದು. ಕಂದಕದ ಒಳಬದಿಗೆ ಒತ್ತಿಕೊಂಡು ಅಗಲವಾದ ಏರಿ ಇದ್ದರೆ, ಒಂದು ಕಡೆ ಬಾಗಿಲಿಗೆಂದು ಬಿಟ್ಟ ಜಾಗ ಇದ್ದರೆ, ಅದನ್ನು ಪಟ್ಟಿಯಿಂದ ತೆಗೆಯಬೇಡಿ. ನಡೆದು ನೋಡಿ.

ಭೂಕುಸಿತ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಮಳೆ ಮುಗಿದ ಮೇಲಿನ ಚಿತ್ರದಲ್ಲಿ ಇಂಥ ಚಿಕ್ಕ ಚಿಕ್ಕ ಕೆಂಪು ಗಾಯಗಳು ಘಟ್ಟದ ಉದ್ದಕ್ಕೂ ಕಾಣುತ್ತವೆ. ಕುಸಿತ ಸಾಮಾನ್ಯವಾಗಿ ಇಳಿಜಾರಿನ ದಿಕ್ಕಿಗೆ ಉದ್ದವಾಗಿರುತ್ತದೆ, ಕೆಳಗೆ ಅಗಲ ಆಗುತ್ತದೆ. ಜೆಸಿಬಿ ಕೆಲಸ ಹೆಚ್ಚಾಗಿ ಇಳಿಜಾರಿಗೆ ಅಡ್ಡವಾಗಿರುತ್ತದೆ.

## 6. ಗಡಿ ಎಳೆಯಿರಿ

ಕಾಯಬೇಕೆಂದರೆ ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಿರಬೇಕು ಅಲ್ವಾ? ಗೂಗಲ್ ಅರ್ಥ್‌ನಲ್ಲಿ ಜಾಗದ ಸುತ್ತ ಪಾಲಿಗನ್ (ಸುತ್ತುಗೆರೆ) ಎಳೆದು ಕೆಎಂಎಲ್ ಎಂಬ ನಕ್ಷೆ ಫೈಲ್ ಆಗಿ ಉಳಿಸಿ, ಕ್ಯೂಜಿಐಎಸ್‌ನಲ್ಲಿ ತೆರೆಯಿರಿ.

ಕೇಂದ್ರದ ರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ, 2010ರ ತಿದ್ದುಪಡಿ ಅನ್ವಯಿಸುತ್ತದೆ. ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಕಟ್ಟಲು ಅನುಮತಿ ಬೇಕು. ಅಳತೆ ಶುರುವಾಗುವುದು ರಕ್ಷಿತ ಜಾಗದ ಗಡಿಯಿಂದ. ಗುಡಿಯ ಗರ್ಭಗೃಹದಿಂದ ಅಳೆದು "ಇನ್ನೂ ದೂರ ಇದೆ" ಎಂದು ಸುಮ್ನೆ ಕೂತವರೂ ಇದ್ದಾರೆ.

ಗಡಿಯಿಂದ ಹೇಳಿದಷ್ಟು ದೂರಕ್ಕೆ ಗೆರೆ ಎಳೆಯುವ ಕ್ಯೂಜಿಐಎಸ್‌ನ ಬಫರ್ ಉಪಕರಣದಿಂದ ಈ ಎರಡೂ ವಲಯ ಎಳೆಯಬಹುದು. ಆದರೆ ಕೆಎಂಎಲ್ ಇರುವುದು ಡಿಗ್ರಿಯಲ್ಲಿ. ಹಾಗೇ 100 ಎಂದು ಕೊಟ್ಟರೆ ಅದು 100 ಮೀಟರ್ ಅಲ್ಲ, 100 ಡಿಗ್ರಿ. ವೃತ್ತ ಭೂಮಿಯ ಅರ್ಧ ನುಂಗುತ್ತದೆ. ಮೊದಲು ಪದರವನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ನಕ್ಷೆ ಪದ್ಧತಿಯ ವಲಯ 43 ಉತ್ತರಕ್ಕೆ ಬದಲಾಯಿಸಿ. ಉತ್ತರ ಕನ್ನಡ ಪೂರ್ತಿ ಆ ವಲಯದಲ್ಲೇ ಬರುತ್ತದೆ. ಆಮೇಲೆ 100 ಮತ್ತು 300 ಕೊಡಿ.

ಹಳೇ ಟೊಪೊಶೀಟ್ ಸ್ಕ್ಯಾನ್ ಮಾಡಿ ಕ್ಯೂಜಿಐಎಸ್‌ನಲ್ಲಿ ಕೂರಿಸುವವರು ನೆನಪಿಡಿ: ಅವು ಎವರೆಸ್ಟ್ ಎಂಬ ಬೇರೆ ಭೂಮಾಪನ ಆಧಾರದ ಮೇಲೆ ಮಾಡಿದವು. ಬರಿ ಅಕ್ಷಾಂಶ ನಂಬಿ ಕೂರಿಸಿದರೆ ಊರು ಪಕ್ಕಕ್ಕೆ ಸರಿಯುತ್ತದೆ.

## 7. ವರ್ಷಕ್ಕೆ ನಾಲ್ಕು ಸಲ ಕಾವಲು

ಈಗ ನಿಜವಾದ ಕೆಲಸ. ಮಳೆ ಹೋದ ಮೇಲೆ ಸಿಗುವ ಮೊದಲ ತಿಳಿ ಚಿತ್ರ, ಹೆಚ್ಚಾಗಿ ನವೆಂಬರ್‌ನದ್ದು, ಆ ವರ್ಷದ ಮೂಲ ಚಿತ್ರ. ಆಮೇಲೆ ಜನವರಿ, ಮಾರ್ಚ್, ಮತ್ತು ಮಳೆ ಹಿಡಿಯುವ ಮೊದಲು ಮೇ ಕೊನೆ. ಮೇ ಬಿಡಬೇಡಿ. ಮಳೆಗೆ ಮುಂಚೆ ಮುಗಿಸಬೇಕೆಂದು ಮಣ್ಣು ಕೆಲಸ ಜಾಸ್ತಿ ನಡೆಯುವುದು ಏಪ್ರಿಲ್, ಮೇಯಲ್ಲೇ. ಒಂದು ಮಳೆಗಾಲ ಕಳೆದರೆ ಅಗೆದ ಗುರುತಿನ ಮೇಲೆ ಹುಲ್ಲು, ಕಮ್ಯುನಿಸ್ಟ್ ಗಿಡ ಹಬ್ಬಿಬಿಡುತ್ತದೆ.

ಹೋಲಿಸುವಾಗ ಕಳೆದ ತಿಂಗಳ ಚಿತ್ರದ ಜೊತೆ ಹೋಲಿಸಿದರೆ ಋತುವಿನ ಬದಲಾವಣೆಯೇ ಕಣ್ಣು ತುಂಬುತ್ತದೆ. ಈ ಮಾರ್ಚ್‌ನ್ನು ಕಳೆದ ಮಾರ್ಚ್ ಜೊತೆ ಇಡಿ. ಕಡಲ ದಂಡೆಯ ಜಾಗವಾದರೆ ಉಬ್ಬರ–ಇಳಿತ ಎರಡೂ ದಿನ ಒಂದೇ ಮಟ್ಟದಲ್ಲಿತ್ತೇ ನೋಡಬೇಕು. ಇಲ್ಲದಿದ್ದರೆ ಉಬ್ಬರದ ದಿನದ ಚಿತ್ರ ನೋಡಿ ದಂಡೆ ಕೊಚ್ಚಿಹೋಯಿತು ಎಂದುಕೊಳ್ಳುತ್ತೇವೆ.

ಎಚ್ಚರಿಕೆಯ ಗುರುತುಗಳು ಹೀಗೆ ಬರುತ್ತವೆ. ಮೊದಲು ದಾರಿ. ನೇರವಾಗಿ ಜಾಗದ ಕಡೆಗೇ ಬರುವ ಹೊಸ ಕೆಂಪು ಗೆರೆ ಕಂಡರೆ ಮುಂದಿನ ಕೆಲವು ವಾರ ಪ್ರತಿ ಸೆಂಟಿನೆಲ್ ಚಿತ್ರ ನೋಡಿ. ಎರಡನೆಯದು ಮರ ಬೋಳಾಗುವುದು, ಫಾಲ್ಸ್ ಕಲರ್‌ನಲ್ಲಿ ಕೆಂಪಿನ ನಡುವೆ ಬೂದು ತೇಪೆ. ಮೂರನೆಯದು ಸಪಾಟಾದ ನೆಲ, ಅದರ ಮೇಲೆ ನೀಲಿ ಅಥವಾ ಬಿಳಿ ಹೊಳೆಯುವ ತಗಡಿನ ಮಾಡು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಕಣ್ಣು ದಾರಿಯ ಮೇಲಿರಲಿ.

ನಿಧಿಯ ಆಸೆಗೆ ತೋಡಿದ ಗುಂಡಿ ಬೇರೆ ನಮೂನೆ. ಒಂದೆರಡು ಮೀಟರ್ ಅಗಲ, ಸೆಂಟಿನೆಲ್‌ಗೆ ಕಾಣದು. ಅರ್ಧ ಮೀಟರ್ ಚಿತ್ರದಲ್ಲಿ ನಡುವೆ ಕಪ್ಪು ಚುಕ್ಕೆ, ಸುತ್ತ ಕೆಂಪು ಮಣ್ಣಿನ ಉಂಗುರ. ಮಣ್ಣು ಒಂದೇ ಬದಿಗೆ ಎಸೆದಿದ್ದರೆ ಉಂಗುರ ಅರ್ಧಚಂದ್ರ ಆಗುತ್ತದೆ. ಸಾಲಾಗಿ ಸಮ ಅಂತರದಲ್ಲಿದ್ದರೆ ಅದು ಗೇರು ಅಥವಾ ತೆಂಗಿನ ಸಸಿಯ ಗುಂಡಿ. ಕಲ್ಲು, ಗುಡಿ, ಬಾವಿಗಳ ಬುಡದಲ್ಲೇ ಅಡ್ಡಾದಿಡ್ಡಿ ಇದ್ದರೆ ಅನುಮಾನ ಪಡಿ.

ಮಳೆಗಾಲದಲ್ಲಿ ಕಣ್ಣು ಪೂರ್ತಿ ಮುಚ್ಚಬೇಕಿಲ್ಲ. ಸೆಂಟಿನೆಲ್-1 ರೇಡಾರ್ ಮೋಡದ ಆಚೆಯೂ ನೋಡುತ್ತದೆ. ದೊಡ್ಡ ಕಡಿತ, ನೀರು ನಿಂತದ್ದು ಅದರಲ್ಲಿ ತಿಳಿಯುತ್ತದೆ, ಚಿಕ್ಕ ಗುಂಡಿ ತಿಳಿಯದು.

## 8. ನೆಲಕ್ಕೆ ಇಳಿಯಿರಿ

ಚಿತ್ರದಲ್ಲಿ ಕಂಡದ್ದು ಅನುಮಾನ ಮಾತ್ರ. ಹೋಗಿ ನೋಡುವವರೆಗೆ ನೋಟ್‌ಬುಕ್‌ನಲ್ಲೂ ಹಾಗೆಯೇ ಬರೆಯಿರಿ.

ಹೋಗುವ ಮೊದಲು ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ, ಪಹಣಿ ತೆಗೆಯಿರಿ. ಮಾಲ್ಕಿ ಜಮೀನಾದರೆ ಮನೆಯವರನ್ನು ಕೇಳಿ ಕಾಲಿಡಿ. ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಚಿತ್ರಕ್ಕೆ ಒಳ್ಳೆಯ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು, ಡಿಸೆಂಬರ್‌ನಿಂದ ಮೇವರೆಗೆ. ಸಿದ್ದಾಪುರ, ಹೊನ್ನಾವರದ ಘಟ್ಟದ ಕಡೆ ಹೋಗುವವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಂಡೇ ಹೋಗಿ. ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಈ ಕಾಯಿಲೆ ಹರಡುವ ಉಣುಗು ಹತ್ತಿದೆಯೇ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ.

ಊರ ಹಿರಿಯರ ಬಳಿ "ಇಲ್ಲಿ ಕೋಟೆ ಇತ್ತಾ" ಎಂದು ಕೇಳಿದರೆ ಉತ್ತರ ನಿಮಗೆ ಬೇಕಾದ ಹಾಗೆ ಬಂದುಬಿಡುತ್ತದೆ. "ಈ ಜಾಗಕ್ಕೆ ಏನಂತ ಕರೀತೀರಿ?" ಎಂದು ಕೇಳಿ. ಕೋಟೆ, ಬಸ್ತಿ, ಪೇಟೆ, ಹಾಳು ಎಂಬ ಮಾತು ತಾನಾಗಿ ಬಂದರೆ ಅದಕ್ಕೆ ತೂಕ ಹೆಚ್ಚು.

ಕಲ್ಲು ಎತ್ತಬೇಡಿ, ಕೆದಕಬೇಡಿ, ಶಾಸನದ ಮೇಲೆ ಸುಣ್ಣ ಬಳಿಯಬೇಡಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ, ಸಾಕು.

## 9. ದೂರು ಯಾರಿಗೆ, ಹೇಗೆ

ಕೇಂದ್ರದ ರಕ್ಷಿತ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ. ರಾಜ್ಯದ ರಕ್ಷಿತ ಸ್ಮಾರಕವಾದರೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯ ಪುರಾತತ್ವ ಇಲಾಖೆಗೆ. ಎರಡೂ ಅಲ್ಲದ್ದಾದರೆ ತಹಶೀಲ್ದಾರರಿಗೆ ಬರೆದು ಗ್ರಾಮ ಪಂಚಾಯತಿಗೆ ಪ್ರತಿ ಕೊಡಿ. ಕಾಡಿನೊಳಗಿನದ್ದಾದರೆ ವಲಯ ಅರಣ್ಯಾಧಿಕಾರಿಗೂ ಒಂದು ಪ್ರತಿ. ಅಗೆಯುವುದು ಈಗಲೇ ನಡೆಯುತ್ತಿದೆ ಎಂದು ಗೊತ್ತಾದರೆ ಪತ್ರ ಆಮೇಲೆ, ಮೊದಲು 112ಕ್ಕೆ ಫೋನ್ ಮಾಡಿ. ಒಬ್ಬರೇ ತಡೆಯಲು ಹೋಗಬೇಡಿ.

ಪತ್ರ ಒಂದು ಪುಟ ಮೀರದಿರಲಿ. ಊರು, ಸರ್ವೆ ನಂಬರ್, ಅಕ್ಷಾಂಶ–ರೇಖಾಂಶ. ಒಂದೇ ಅಳತೆಯಲ್ಲಿ, ಒಂದೇ ದಿಕ್ಕಿನಲ್ಲಿ ತೆಗೆದ ಎರಡು ಚಿತ್ರ, ಹಿಂದಿನದು ಮತ್ತು ಈಗಿನದು. ಎರಡರ ಮೇಲೂ ತಾರೀಕು, ಚಿತ್ರ ಕೊಟ್ಟವರ ಹೆಸರಿನ ಸಾಲು ಉಳಿದಿರಲಿ, ಕತ್ತರಿಸಬೇಡಿ. "ನಿಧಿಗಳ್ಳರು ಅಗೆದಿದ್ದಾರೆ" ಎಂದು ಬರೆಯಬೇಡಿ, ಅದು ಚಿತ್ರದಲ್ಲಿ ಕಾಣುವುದಿಲ್ಲ. "ಈ ತಾರೀಕಿಗೂ ಆ ತಾರೀಕಿಗೂ ನಡುವೆ ಇಲ್ಲಿ ಮಣ್ಣು ಎದ್ದಿದೆ" ಎಂದು ಬರೆಯಿರಿ. ಸ್ವೀಕೃತಿ ಪಡೆದು ಅದರ ನಂಬರನ್ನು ನೋಟ್‌ಬುಕ್‌ನಲ್ಲಿ ಹಾಕಿ.

ಕಡೆಯ ಎಚ್ಚರಿಕೆ ನನಗೆ ನೋವಿನಿಂದಲೇ ತಿಳಿದದ್ದು. ಕೆಲವು ವರ್ಷಗಳ ಹಿಂದೆ ಕಾಡಂಚಿನ ಒಂದು ವೀರಗಲ್ಲಿನ ಜಾಗವನ್ನು ಗುರುತು ಸಮೇತ ಒಂದು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಇತಿಹಾಸದ ಆಸಕ್ತರ ಗುಂಪೇ. ಮೂರು ತಿಂಗಳ ಮೇಲೆ ಹೋದಾಗ ಕಲ್ಲು ಮಗುಚಿ ಬಿದ್ದಿತ್ತು. ಅದರ ಬುಡದಲ್ಲಿ ಸೊಂಟದಾಳದ ಗುಂಡಿ, ಅಂಚಿನಲ್ಲಿ ಒಣಗಿದ ನಿಂಬೆಹಣ್ಣು, ಕುಂಕುಮ, ಅರ್ಧ ಸುಟ್ಟ ಕರ್ಪೂರ. ಯಾರು ಮಾಡಿದರು ಎಂದು ನನಗೆ ಗೊತ್ತಿಲ್ಲ. ದಾರಿ ತೋರಿಸಿದ್ದು ನನ್ನ ಗುರುತೇ ಇರಬಹುದು ಎಂಬ ಅಳುಕು ಇನ್ನೂ ಹೋಗಿಲ್ಲ.

ಅಂದಿನಿಂದ ನಿಖರ ಅಕ್ಷಾಂಶ ಇಲಾಖೆಯ ಪತ್ರದಲ್ಲಿ ಮಾತ್ರ ಬರೆಯುತ್ತೇನೆ. ಉಳಿದವರಿಗೆ ತಾಲೂಕಿನ ಹೆಸರು ಹೇಳುತ್ತೇನೆ, ಊರಿನ ಹೆಸರನ್ನೂ ಹೇಳುವುದಿಲ್ಲ. ಫೋಟೊ ಕಳಿಸುವ ಮೊದಲು ಅದರೊಳಗೆ ಅಡಗಿರುವ ಜಿಪಿಎಸ್ ಮಾಹಿತಿ ತೆಗೆಯಿರಿ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಜಾಗದ ಗುರುತನ್ನು ಕೈಯಿಂದ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.